ನಾಲ್ಕನೇ ಲೇನ್ ಖಾಲಿ

15 ಜೂನ್ 2025, ಭಾನುವಾರ
ರಾತ್ರಿ 10.40

ಪುಟ್ಟಿ ಇವತ್ತು ಗೆದ್ದಳು. ಈಜು ಸ್ಪರ್ಧೆಯ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಮೊದಲನೇ ಸ್ಥಾನ. ಪದಕ ಈಗ ಫ್ರಿಜ್ ಮೇಲೆ ಬಿದ್ದಿದೆ, ಕರೆಂಟ್ ಬಿಲ್ ಪಕ್ಕದಲ್ಲಿ. ಅಲ್ಲಿ ಹಾಕಿದವಳು ಅವಳೇ.

ಬಸವನಗುಡಿಯಿಂದ ಕತ್ತರಿಗುಪ್ಪೆವರೆಗೂ ಸ್ಕೂಟರ್ ಹಿಂದೆ ಕೂತು ಒಂದು ಮಾತಾಡಲಿಲ್ಲ. ಜಿಟಿಜಿಟಿ ಮಳೆ ಬೇರೆ. ಅತ್ತೆ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ಕಾಯ್ತಿದ್ದರು. ಇವಳು ಅವರ ಪಕ್ಕದಿಂದ ನುಸುಳಿ ಸೀದಾ ಬಚ್ಚಲಿಗೆ ಹೋದಳು. ಅತ್ತೆಯ ಮುಖ ಸಪ್ಪಗಾಯಿತು. ನನಗೆ ಸಿಟ್ಟು ಬಂತು. ಸೋತರೂ ಮುಖ ಊದಿಸೋದು, ಗೆದ್ದರೂ ಮುಖ ಊದಿಸೋದು, ಏನಿದು?

ಇವಳ ಹಠ ಹೊಸದೇನಲ್ಲ. ಆರು ವರ್ಷದವಳಿದ್ದಾಗಲೇ ಚೌಕಾಬಾರದಲ್ಲಿ ಅಜ್ಜಿಯ ಕೈಲಿ ಸೋತು ಕವಡೆ ಎಲ್ಲಾ ಸೋಫಾ ಕೆಳಗೆ ಎಸೆದಿದ್ದಳು. ಮಾರನೇ ದಿನ ತಾನೇ ಹೆಕ್ಕಿ ತಂದು ಮತ್ತೆ ಆಡೋಣ ಅಂದಳು. ಕವಡೆ ಎಸೆದಿದ್ದು ನನಗೆ ಚೆನ್ನಾಗಿ ನೆನಪಿದೆ. ಹೆಕ್ಕಿ ತಂದಿದ್ದು ಇವತ್ತು ಸಾಯಂಕಾಲ ನೆನಪಾಯಿತು.

ಜಯನಗರದ ಆ ಹುಡುಗಿಯ ವಿಷಯ ಹಿಂದೆಯೂ ಬರೆದಿದ್ದೇನೆ. ನಾಲ್ಕು ಸಲ ಇವಳನ್ನು ಸೋಲಿಸಿದ್ದಾಳೆ. ಪ್ರತಿ ಸಲವೂ ಸ್ವಲ್ಪದರಲ್ಲೇ. ಪುಟ್ಟಿ ಅವಳಿಗೆ ಕೈ ಕೊಡುವುದೂ ಅರೆಮನಸ್ಸಿನಿಂದ. ಹೊಟ್ಟೆಕಿಚ್ಚು ಅಂದುಕೊಂಡಿದ್ದೆ. ಹಾಗಂತ ಬೈದೂ ಇದ್ದೆ.

ಇವತ್ತು ಅವಳು ಬರಲಿಲ್ಲ. ಜ್ವರ ಅಂತೆ. ಗ್ಯಾಲರಿಯಲ್ಲಿ ಯಾರೋ ಹೇಳಿದರು. ಕೇಳಿದ ತಕ್ಷಣ ನನಗೆ ಒಳಗೊಳಗೇ ಖುಷಿಯಾಯಿತು. ಹದಿಮೂರು ವರ್ಷದ ಮಗುವಿಗೆ ಜ್ವರ ಅಂದರೆ ನನಗೆ ಖುಷಿ. ಇದನ್ನ ಬರೆಯುವಾಗ ಕೈ ತಡೆಯುತ್ತಿದೆ, ಆದರೂ ಬರೆಯುತ್ತೇನೆ.

ಸಾಯಂಕಾಲ ತಲೆಗೆ ಎಣ್ಣೆ ಹಚ್ಚಲು ಕೂರಿಸಿಕೊಂಡೆ. ಕ್ಲೋರಿನ್ ನೀರಿಗೆ ಕೂದಲು ತೆಂಗಿನ ನಾರಿನ ಹಾಗಾಗಿದೆ. ತುದಿ ಕೆಂಚಗಾಗಿದೆ. ಬೆರಳು ಹಾಕಿದರೆ ಸಿಕ್ಕಿಕೊಳ್ಳುತ್ತೆ. ಮುಖ ಆ ಕಡೆ ಇದ್ದಾಗಲೇ ಇವಳು ಮಾತಾಡೋದು.

"ಗೆದ್ಯಲ್ಲೇ, ಇನ್ನೇನು ಬೇಕು ನಿಂಗೆ?"

"1.07.3 ಅಮ್ಮ."

ಅಂದರೆ ಒಂದು ನಿಮಿಷ 7.3 ಸೆಕೆಂಡ್. ಇವಳ ಬೆಸ್ಟ್ 1.05.4. ಅದು ನನಗೂ ಬಾಯಿಪಾಠ. ಆಮೇಲೆ ಮಗ್ಗಿ ಒಪ್ಪಿಸೋ ಹಾಗೆ ಹೇಳಿದಳು. ಹೋಗುವಾಗ 31.2, ವಾಪಸ್ 36.1. ಹೋಗುವಾಗ ಎಲ್ಲಾ ಸರಿಯಿತ್ತು, ತಿರುಗಿದ ಮೇಲೆ ಹಾಳಾಯ್ತು.

"ಯಾಕೆ, ಸುಸ್ತಾಯ್ತಾ?"

"ಇಲ್ಲ. ನಾನು ಎಡಗಡೆ ಉಸಿರು ತಗೊಳ್ಳೋದು. ಹೋಗುವಾಗ ಆರನೇ ಲೇನ್ ಕಾಣ್ಸುತ್ತೆ. ಬರುವಾಗ ನಾಲ್ಕು."

ಜಾಸ್ತಿ ವೇಗದವರಿಗೆ ನಾಲ್ಕನೇ ಲೇನ್, ಎರಡನೆಯವರಿಗೆ ಐದು. ಆ ಹುಡುಗಿ ಯಾವಾಗಲೂ ನಾಲ್ಕರಲ್ಲಿ, ಇವಳು ಐದರಲ್ಲಿ. ಅಂದರೆ ಕೊನೆಯ 50 ಮೀಟರ್‌ನಲ್ಲಿ ತಲೆ ತಿರುಗಿಸಿದಾಗಲೆಲ್ಲಾ ಇವಳಿಗೆ ಕಾಣೋದು ಅವಳ ಭುಜ, ಅವಳ ನೀಲಿ ಟೋಪಿ. ಇವತ್ತು ಬರೀ ನೀರು.

"ಖಾಲಿ ಇತ್ತಮ್ಮ. ಎಷ್ಟ್ ಸಲ ನೋಡಿದ್ರೂ ಖಾಲಿ."

ಪಕ್ಕದವರನ್ನ ನೋಡಬಾರದು ಅಂತ ಸರ್ ಹೇಳುತ್ತಲೇ ಇರುತ್ತಾರೆ. ಗುಂಪಿಗೆ ಒಂದು ಫೋಟೋನೂ ಕಳಿಸಿದ್ದರು. 2016ರ ರಿಯೋ ಒಲಿಂಪಿಕ್ಸ್, 200 ಮೀಟರ್ ಬಟರ್‌ಫ್ಲೈ. ಮೈಕೆಲ್ ಫೆಲ್ಪ್ಸ್ ಕಣ್ಣು ಮುಂದಕ್ಕಿದೆ. ಪಕ್ಕದ ಲೇನ್‌ನ ಚಾಡ್ ಲೆ ಕ್ಲೋ ಫೆಲ್ಪ್ಸ್‌ನನ್ನೇ ನೋಡುತ್ತಿದ್ದಾನೆ. ಫೆಲ್ಪ್ಸ್‌ಗೆ ಚಿನ್ನ ಬಂತು, ಲೆ ಕ್ಲೋ ನಾಲ್ಕನೆಯವನಾದ. ಆದರೆ ಅದಕ್ಕೂ ನಾಲ್ಕು ವರ್ಷ ಹಿಂದೆ ಲಂಡನ್‌ನಲ್ಲಿ ಇದೇ ಈಜಿನಲ್ಲಿ ಲೆ ಕ್ಲೋ 0.05 ಸೆಕೆಂಡಿನಿಂದ ಫೆಲ್ಪ್ಸ್‌ನನ್ನು ಸೋಲಿಸಿದ್ದ. ಆ ಸೋಲು ಇಲ್ಲದಿದ್ದರೆ ಫೆಲ್ಪ್ಸ್‌ಗೆ ಅಷ್ಟು ಕಿಚ್ಚು ಇರುತ್ತಿತ್ತಾ? ಇದು ಪುಟ್ಟಿಯ ಪ್ರಶ್ನೆ, ನನ್ನದಲ್ಲ.

ಆಮೇಲೆ ಸುಮ್ಮನಿದ್ದು, ಇದ್ದಕ್ಕಿದ್ದ ಹಾಗೆ:

"ಅವಳಿಗೆ ಜ್ವರ ಅಂತ ಗೊತ್ತಾದಾಗ ನಿಂಗೆ ಖುಷಿ ಆಯ್ತಲ್ವಾ?"

ನನ್ನ ಕೈ ನಿಂತಿತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಆಯ್ತು" ಅಂದೆ.

"ನಂಗೂ ಆಯ್ತು. ಬ್ಲಾಕ್ ಮೇಲೆ ನಿಲ್ಲೋವರೆಗೂ."

ಬಿ.ಎಡ್. ಓದುವಾಗ ಟ್ರಿಪ್ಲೆಟ್ ಅನ್ನುವವರ ಪ್ರಯೋಗದ ಪಾಠ ಇತ್ತು. 1898ರದ್ದು. ಸೈಕಲ್ ಸವಾರರು ಒಬ್ಬರೇ ಹೋಗುವುದಕ್ಕಿಂತ ಜೊತೆಗೆ ಇನ್ನೊಬ್ಬರಿದ್ದರೆ ಜೋರಾಗಿ ಹೋಗುತ್ತಾರೆ ಅಂತ ಆತ ಗಮನಿಸಿದ್ದ. ಆಮೇಲೆ ಮಕ್ಕಳ ಕೈಗೆ ಮೀನಿನ ಗಾಳದ ರೀಲ್ ಕೊಟ್ಟು, ಒಮ್ಮೆ ಒಂಟಿಯಾಗಿ, ಒಮ್ಮೆ ಜೋಡಿಯಾಗಿ ಸುತ್ತಿಸಿದ. 40 ಮಕ್ಕಳಲ್ಲಿ 20 ಮಕ್ಕಳು ಜೋಡಿಯಲ್ಲಿ ಚುರುಕಾದರು. 10 ಮಕ್ಕಳಿಗೆ ವ್ಯತ್ಯಾಸವೇ ಆಗಲಿಲ್ಲ. ಉಳಿದ 10 ಮಕ್ಕಳು ಗಾಬರಿಬಿದ್ದು ನಿಧಾನವಾದರು. ಪರೀಕ್ಷೆಗೆ ಬರೆದು ನಂಬರ್ ತಗೊಂಡು ಮರೆತಿದ್ದೆ. ಮನೆಯಲ್ಲೇ ಇಪ್ಪತ್ತರಲ್ಲಿ ಒಬ್ಬಳಿದ್ದಾಳೆ, ಅವಳಿಗೆ ನಾನು ಹೊಟ್ಟೆಕಿಚ್ಚಿನವಳು ಅಂತ ಹೆಸರಿಟ್ಟಿದ್ದೆ.

ಊಟದ ನಂತರ ನನ್ನ ಫೋನ್ ಇಸ್ಕೊಂಡು ಆ ಹುಡುಗಿಯ ಅಮ್ಮನಿಗೆ ಮೆಸೇಜ್ ಹಾಕಿದಳು. "ಆಂಟಿ, ಜ್ವರ ಬಿಡ್ತಾ? ಮುಂದಿನ ಮೀಟ್‌ಗೆ ಬರ್ತಾಳಾ?" ಅಷ್ಟೇ. ಉತ್ತರ ಇನ್ನೂ ಬಂದಿಲ್ಲ. ಅದಾದ ಮೇಲೆ ಅಜ್ಜಿಯ ಹತ್ತಿರ ಹೋಗಿ ಹಣೆ ಒಡ್ಡಿ ಕುಂಕುಮ ಇಡಿಸಿಕೊಂಡಳಂತೆ. ನಾನು ಪಾತ್ರೆ ತೊಳೆಯುತ್ತಿದ್ದೆ, ನೋಡಲಿಲ್ಲ.

ಈಗ ಮಲಗಿದ್ದಾಳೆ. ಅಲಾರಾಂ 4.45ಕ್ಕೆ ಇಟ್ಟಿದ್ದಾಳೆ. ನಾಳೆ ಎಲ್ಲರಿಗೂ ರಜೆ, ಮೈಗೆ ವಿಶ್ರಾಂತಿ ಕೊಡಿ ಅಂತ ಸರ್ ಖಡಾಖಂಡಿತವಾಗಿ ಹೇಳಿದ್ದಾರೆ. ಎರಡು ಸಲ ಅವಳ ಕೋಣೆಗೆ ಹೋಗಿ ಬಂದೆ. ಅಲಾರಾಂ ತೆಗೆದುಬಿಡಲಾ, ಇಲ್ಲ