ಮುಂದಿನ ಗಾಲಿ: ನಟ್ ಬಿಗಿದರೂ ತಿರುಗಬೇಕು

ಭಾನುವಾರ ಸಂಜೆ ಗೋ-ಕಾರ್ಟ್ ಎಂಬ ಪುಟ್ಟ ಗಾಡಿಯ ಎಡಗಾಲಿ ಸರಿಯಾಗಿ ಕೂತಿತು. ಮೂರು ವಾರದಿಂದ ಇದೊಂದೇ ಕಾಟ. ನಟ್ ಪೂರ್ತಿ ಬಿಗಿದರೆ ಗಾಲಿ ಕಟ್ಟಿಹಾಕಿದಂತೆ ನಿಲ್ಲುತ್ತಿತ್ತು, ಕಾಲು ಸುತ್ತು ಸಡಿಲಿಸಿದರೆ ಅಲ್ಲಾಡುತ್ತಿತ್ತು. ಸಡಿಲ ಇಟ್ಟೇ ಒಮ್ಮೆ ಖಾಲಿ ಲೇಔಟಿನಲ್ಲಿ ಓಡಿಸಿ ನೋಡಿದೆ. ತಿರುವಿನಲ್ಲಿ ಸ್ಟೇರಿಂಗ್ ನಡುಗಿತು. ಅಕ್ಕನ ಮಗ ಕೂರುವ ಗಾಡಿ ಇದು, ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ.

ಗಾಲಿಯ ನಡುಭಾಗವಾದ ಹಬ್‌ನಲ್ಲಿರುವುದು 6202 ನಂಬರಿನ ಎರಡು ಬೇರಿಂಗ್: ಒಳತೂತು 15, ಹೊರ ಅಳತೆ 35, ದಪ್ಪ 11 ಮಿ.ಮೀ. ನಡುವೆ ಒಂದು ಪೈಪ್ ತುಂಡು, ಅದೇ ಸ್ಪೇಸರ್. ನಟ್‌ನ ಬಿಗಿತ ಒಂದು ಬೇರಿಂಗಿನ ಒಳರಿಂಗಿನಿಂದ ಸ್ಪೇಸರಿಗೆ, ಅಲ್ಲಿಂದ ಇನ್ನೊಂದರ ಒಳರಿಂಗಿಗೆ ದಾಟಿ, ಗಾಲಿ ಕೂರುವ ಗಿಡ್ಡ ಅಚ್ಚಾದ ಸ್ಟಬ್ ಆಕ್ಸಲ್‌ನ ಮೆಟ್ಟಿಲಿಗೆ ಹೋಗಬೇಕು. ಒಳರಿಂಗು, ಹೊರರಿಂಗುಗಳ ನಡುವೆ ಉರುಳುವ ಗುಂಡುಗಳ ಮೇಲೆ ಬೀಳಬಾರದು. ನಾನು ಆ ಪೈಪನ್ನು ಕೈಯಲ್ಲೇ ಕೊಯ್ದು ಅರದಿಂದ ತಿಕ್ಕಿ ಹಾಕಿದ್ದೆ. ಕೊನೆಗೆ ವರ್ನಿಯರ್ ಹಿಡಿದು ಅಳೆದಾಗ ಗೊತ್ತಾಯಿತು: ಹಬ್‌ನ ಒಳಗೆ ಹೊರರಿಂಗುಗಳು ತಾಗಿ ಕೂರುವ ಎರಡು ಮೆಟ್ಟಿಲುಗಳ ನಡುವೆ 52.0 ಮಿ.ಮೀ., ಸ್ಪೇಸರ್ 51.6. ನಟ್ ಬಿಗಿದಂತೆಲ್ಲ ಒಳರಿಂಗುಗಳು ಹತ್ತಿರ ಸರಿದು, ಗುಂಡುಗಳು ತಮ್ಮ ಕಾಲುವೆಯ ಅಂಚಿಗೆ ಒತ್ತಿಕೊಳ್ಳುತ್ತಿದ್ದವು. ಅಷ್ಟು ಹೊತ್ತಿಗೆ ಬೇರಿಂಗೇ ಕೆಟ್ಟಿದೆ ಎಂದು ಎರಡು ಜೊತೆ ಬದಲಾಯಿಸಿಬಿಟ್ಟಿದ್ದೆ.

ಕೌಲ್ ಬಜಾರಿನ ಲೇತ್ ಅಂಗಡಿಗೆ ಹಬ್ ಸಮೇತ ಹೋದೆ. ಹೊಸ ಸ್ಪೇಸರ್ ಸರಿಯಾಗಿ 52 ಮಾಡಿಕೊಡಿ ಅಂದರೆ ಅಣ್ಣ ಒಪ್ಪಲಿಲ್ಲ. "ಸಮ ಬ್ಯಾಡ್ರಿ, ಒಂದು ಕೂದಲೆಳೆ ಜಾಸ್ತಿ ಇರ್ಲಿ. ಗಿಡ್ಡ ಆತಂದ್ರ ಮತ್ತ ಹಿಡೀತದ." 52.1ಕ್ಕೆ ತಿರುವಿ, ಎರಡೂ ಮುಖ ನೇರ ಮಾಡಿಕೊಟ್ಟರು.

ಕೂರಿಸುವಾಗ ಬಳ್ಳಾರಿಯ ಬಿಸಿಲೇ ಕೈ ಹಿಡಿಯಿತು. ಬೇರಿಂಗ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯೆಲ್ಲ ಫ್ರೀಜರಿನಲ್ಲಿಟ್ಟೆ; ಅಲ್ಯೂಮಿನಿಯಂ ಹಬ್ಬನ್ನು ಮಧ್ಯಾಹ್ನ ಮಾಳಿಗೆಯ ತಗಡಿನ ಮೇಲಿಟ್ಟೆ, ಬರಿಗೈಲಿ ಮುಟ್ಟಲಾಗದಷ್ಟು ಕಾಯಿತು. ಒಂದು ಕುಗ್ಗಿ ಇನ್ನೊಂದು ಹಿಗ್ಗಿದರೆ ಸಿಗುವ ಜಾಗ ನನ್ನ ಲೆಕ್ಕದಲ್ಲಿ 0.04 ಮಿ.ಮೀ. ಆಸುಪಾಸು. ಅಷ್ಟು ಸಾಕು, ಮೊದಲನೆಯದು ಮೆಟ್ಟಿಲಿನವರೆಗೂ ಸಲೀಸಾಗಿ ಇಳಿಯಿತು. ಎರಡನೆಯದರಲ್ಲಿ ಎಚ್ಚರ ಬೇಕು: ಅದು ಸ್ಪೇಸರಿಗೆ ತಾಗಿದ ಕೂಡಲೇ ನಿಲ್ಲಿಸಬೇಕು. ಮೆಟ್ಟಿಲು ಇನ್ನೂ ಸಿಕ್ಕಿಲ್ಲವಲ್ಲ ಎಂದು ಹೊರರಿಂಗಿಗೆ ಬಡಿದರೆ ಅದೇ ಒತ್ತಡ ಮತ್ತೆ ಹುಟ್ಟುತ್ತದೆ. ಎರಡೂ ರಿಂಗುಗಳನ್ನು ಒಟ್ಟಿಗೆ ಮುಚ್ಚುವ ದಪ್ಪ ವಾಷರ್ ಇಟ್ಟು, ಉದ್ದ ಬೋಲ್ಟಿನಿಂದ ನಿಧಾನವಾಗಿ ಎಳೆದೆ.

ಹೊರಬದಿಯ ವಾಷರ್ ಕೂಡ ತಪ್ಪಿತ್ತು. ಅಗಲವಾದದ್ದನ್ನು ಹಾಕಿದ್ದರಿಂದ ಅದು ರಬ್ಬರ್ ಸೀಲನ್ನು ಉಜ್ಜುತ್ತಿತ್ತು. ಈಗ ಒಳರಿಂಗಿಗೆ ಮಾತ್ರ ತಾಗುವ, 20 ಮಿ.ಮೀ. ಅಗಲದ ಬುಷ್ ಇದೆ. ಇಲ್ಲಿನ ಕೆಂಧೂಳಿಗೆ ಎರಡೂ ಕಡೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಬೇರಿಂಗೇ ಬೇಕು. ಆ ಸೀಲ್ ಹರಿದರೆ ಅದಕ್ಕೆ ಕೊಟ್ಟ ದುಡ್ಡು ನೀರಿನಲ್ಲಿ ಹೋಮ.

ಪಾನಾ ಹಾಕಿ ನಟ್ ಪೂರ್ತಿ ಬಿಗಿದೆ. ಗಾಲಿ ಬೆರಳಲ್ಲಿ ತಳ್ಳಿದರೆ ತಿರುಗುತ್ತದೆ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕದಲುವುದಿಲ್ಲ. ಹುಡುಗ ಹತ್ತು ಸಲವಾದರೂ ತಿರುಗಿಸಿ ನೋಡಿದ. ಬಲಗಾಲಿಯ ಹಬ್ ಅಳೆದಿದ್ದೇನೆ, ಅದು 51.8 ಬಂದಿದೆ; ಹಾಗಾಗಿ ಅದರ ಸ್ಪೇಸರ್ 51.9 ಇರಬೇಕು. ಎಡದ್ದಕ್ಕೆ ಅದಲುಬದಲಾಗದಂತೆ ಎರಡೂ ಹಬ್ಬಿನ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ಮಂಗಳವಾರ ಲೇತ್‌ಗೆ.