ಕೂಗರ್‌ನ ಓಡುವ ಕೆಂಪು ದೀಪಕ್ಕೆ ಬಲ್ಬೇ ಸಾಕೋ, ಎಲ್‌ಇಡಿ ಬೇಕೋ?

1967 ಮತ್ತು 68ರ ಮರ್ಕ್ಯುರಿ ಕೂಗರ್‌ನಲ್ಲಿ ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಬರೀ ಮಿಣುಕುವುದಿಲ್ಲ. ಒಳಗಿನ ಖಾನೆ, ನಡುವಿನದು, ಅಂಚಿನದು ಹೀಗೆ ಒಂದಾದ ಮೇಲೊಂದು ಹೊತ್ತಿಕೊಂಡು ಮೂರೂ ಒಟ್ಟಿಗೆ ಆರುತ್ತವೆ. ಮರ್ಕ್ಯುರಿ ಫೋರ್ಡ್ ಕಂಪನಿಯದೇ ಬ್ರ್ಯಾಂಡು; ಫೋರ್ಡ್ ಇದನ್ನು ಮೊದಲು ತಂದದ್ದು 1965ರ ಥಂಡರ್‌ಬರ್ಡ್ ಕಾರಿನಲ್ಲಿ. ಈ ಕೂಗರ್‌ಗಳಲ್ಲಿ ಕೆಲಸವೆಲ್ಲ ಡಿಕ್ಕಿಯಲ್ಲಿ ಕೂತ ಒಂದು ಪುಟ್ಟ ಮೋಟರಿನದು: ಮೋಟರು ಕ್ಯಾಮ್ ಅನ್ನುವ ಉಬ್ಬುಳ್ಳ ಚಕ್ರ ತಿರುಗಿಸುತ್ತದೆ, ಕ್ಯಾಮ್ ಸ್ವಿಚ್ಚುಗಳನ್ನು ಸಾಲಾಗಿ ಒತ್ತುತ್ತದೆ. 1969ರಿಂದ ಆ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು.

ಇಂಥ ಕಾರಿಗೆ ಬಲ್ಬೇ ಇರಲೋ, ಎಲ್‌ಇಡಿ ಹಾಕಲೋ ಅನ್ನುವವರು ಮೊದಲು ಬಲ್ಬಿನ ಹಿಂದೆ ಏನಿದೆ ನೋಡಬೇಕು. ಮುಕ್ಕಾಲು ಪಾಲು ತಕರಾರು ಅಲ್ಲೇ ಇರುತ್ತದೆ.

1157 ನಂಬರಿನ ಎರಡು ಫಿಲಮೆಂಟಿನ ಬಲ್ಬನ್ನೇ ತಗೊಳ್ಳಿ. ಸಣ್ಣದು ರಾತ್ರಿ ದೀಪಕ್ಕೆ, ದೊಡ್ಡದು ಬ್ರೇಕಿಗೂ ಇಂಡಿಕೇಟರಿಗೂ. ದೊಡ್ಡ ಫಿಲಮೆಂಟು 12.8 ವೋಲ್ಟಿಗೆ 2.1 ಆಂಪ್ ಎಳೆಯುತ್ತದೆ, ಹತ್ತಿರ ಹತ್ತಿರ 27 ವ್ಯಾಟ್. ಪಕ್ಕಕ್ಕೆ ಮೂರರಂತೆ ಆರು ಬಲ್ಬು, ಬ್ರೇಕ್ ಒತ್ತಿದಾಗ 12.6 ಆಂಪ್. ಅರವತ್ತು ವರ್ಷದ ವೈರು, ಕಪ್ಪಾದ ಕಾಂಟ್ಯಾಕ್ಟು, ತುಕ್ಕು ಹಿಡಿದ ಹೋಲ್ಡರ್ ದಾಟಿ ಬರುವಷ್ಟರಲ್ಲಿ ವೋಲ್ಟೇಜ್ 10.5ಕ್ಕೆ ಇಳಿಯುವುದು ಅಪರೂಪವೇನಲ್ಲ. ಫಿಲಮೆಂಟಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ಅಂದರೆ ವೋಲ್ಟೇಜ್ ಐದನೇ ಒಂದು ಭಾಗದಷ್ಟು ಕಡಿಮೆಯಾದರೆ ಬೆಳಕು ಅರ್ಧಕ್ಕರ್ಧ ಹೋಯಿತು. "ಹಳೇ ಬಲ್ಬು ಮಂಕು, ಎಲ್‌ಇಡಿ ಹಾಕಿಬಿಡೋಣ" ಅನ್ನುವವರ ಕಾರಿನಲ್ಲಿ ಬಹಳ ಸಲ ಮಂಕಾಗಿರುವುದು ಬಲ್ಬಲ್ಲ, ಅರ್ಥಿಂಗು, ಅಂದರೆ ಕರೆಂಟು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ವಾಪಸಾಗುವ ದಾರಿ.

ಅದನ್ನು ಹಿಡಿಯುವುದು ಹೀಗೆ. ಮೀಟರಿನ ಒಂದು ಕಡ್ಡಿ ಹೋಲ್ಡರಿನ ಲೋಹದ ಮೈಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು ಯಾರಿಗಾದರೂ ಬ್ರೇಕ್ ಒತ್ತಲು ಹೇಳಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. ಮೈಗೆ ಹೊಸದಾಗಿ ಪೇಂಟ್ ಹೊಡೆಸಿದ ಕಾರುಗಳಲ್ಲಂತೂ ಇದು ಮಾಮೂಲಿ. ಲೈಟಿನ ಹೌಸಿಂಗ್ ಬಣ್ಣದ ಮೇಲೆ ಕೂತಿರುತ್ತದೆ, ಕರೆಂಟಿಗೆ ದಾರಿಯಿಲ್ಲ. ಹಾಗಾದಾಗ ಬ್ರೇಕಿನ ಕರೆಂಟು ಸಣ್ಣ ಫಿಲಮೆಂಟಿನ ಮೂಲಕ ವಾಪಸ್ ನುಗ್ಗಿ, ಹೊತ್ತಬಾರದ ದೀಪಗಳೆಲ್ಲ ಮಿಣಿಮಿಣಿ ಅನ್ನುತ್ತವೆ. ಪ್ರತಿ ಹೌಸಿಂಗಿಗೂ ಬೇರೆ ವೈರ್ ಎಳೆದು, ಬಣ್ಣ ಕೆರೆದ ಲೋಹಕ್ಕೆ ರಿಂಗ್ ಟರ್ಮಿನಲ್ಲು, ಹಲ್ಲಿನ ವಾಷರ್ರು ಹಾಕಿ ಬಿಗಿಯಿರಿ. ಎಲ್‌ಇಡಿ ಹಾಕುವವರಿಗೂ ಈ ಕೆಲಸ ತಪ್ಪಿದ್ದಲ್ಲ.

ಇಷ್ಟು ಮಾಡಿದ ಮೇಲೆ ಬಲ್ಬಿನ ಬೆಳಕೇ ಸಾಕೆನಿಸಿದರೆ, ಪ್ರದರ್ಶನಕ್ಕೆ ಒಯ್ಯುವ ಕಾರಿಗೆ ಅದನ್ನೇ ಬಿಡಿ. ಫಿಲಮೆಂಟು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ತಣಿಯುತ್ತದೆ. ಒಂದು ಖಾನೆಯಿಂದ ಇನ್ನೊಂದಕ್ಕೆ ಬೆಳಕು ಹರಿದಂತೆ ಕಾಣುವುದು ಆ ನಿಧಾನದಿಂದಲೇ. ಎಲ್‌ಇಡಿಯಲ್ಲಿ ಅದು ಟಕ್ ಟಕ್ ಟಕ್. ಹಳೇ ಮೋಟರು ಒದ್ದಾಡುತ್ತಿದ್ದರೆ ಬಿಚ್ಚಿ ನೋಡಿ: ಗ್ರೀಸು ಹಳದಿ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಅದನ್ನು ಪೂರ್ತಿ ಒರೆಸಿ, ಕಾಂಟ್ಯಾಕ್ಟುಗಳನ್ನು ನಯವಾದ ಎಮರಿ ಪೇಪರಿನಲ್ಲಿ ಹಗುರಾಗಿ ಉಜ್ಜಿ, ಗೇರಿಗೆ ಮಾತ್ರ ಚೂರು ಹೊಸ ಗ್ರೀಸ್ ಹಚ್ಚಿ. ಕಾಂಟ್ಯಾಕ್ಟಿಗೆ ತಾಗಬಾರದು.

ರಾತ್ರಿ ಹೈವೇಯಲ್ಲಿ ಓಡಿಸುವ ಕಾರಾದರೆ ನನ್ನ ಓಟು ಎಲ್‌ಇಡಿಗೆ. ಬಲ್ಬು ಪೂರ್ತಿ ಹೊತ್ತಲು ಎಲ್‌ಇಡಿಗಿಂತ ಸುಮಾರು 0.2 ಸೆಕೆಂಡ್ ಹೆಚ್ಚು ಬೇಕು. 100 ಕಿ.ಮೀ. ವೇಗದಲ್ಲಿ ಹಿಂದಿನ ಗಾಡಿ ಅಷ್ಟರಲ್ಲಿ ಐದೂವರೆ ಮೀಟರ್ ಮುಂದೆ ಬಂದಿರುತ್ತದೆ.

ಆದರೆ ಹೋಲ್ಡರಿಗೆ ಸಿಕ್ಕಿಸುವ ಎಲ್‌ಇಡಿ ಬಲ್ಬಿಗಿಂತ ಖಾನೆಯ ಅಳತೆಗೇ ಮಾಡಿದ, ಎಲ್‌ಇಡಿಗಳನ್ನು ಹರಡಿ ಕೂರಿಸಿದ ಬೋರ್ಡು ಮೇಲು. ಹಳೆಯ ರಿಫ್ಲೆಕ್ಟರ್ ರೂಪಿಸಿರುವುದು ನಡುವೆ ಒಂದು ಫಿಲಮೆಂಟು ಸುತ್ತಲೂ ಬೆಳಕು ಚೆಲ್ಲುತ್ತದೆ ಅನ್ನುವ ಲೆಕ್ಕದಲ್ಲಿ. ತುದಿಯಿಂದ ಮಾತ್ರ ಬೆಳಕು ಬಿಡುವ ಎಲ್‌ಇಡಿ ಹಾಕಿದರೆ ನಡುವೆ ಒಂದು ಚುಕ್ಕೆ, ಸುತ್ತ ಕತ್ತಲೆ. ಎಲ್‌ಇಡಿ ಬಲ್ಬೇ ಬೇಕೆಂದರೆ ಪಕ್ಕಕ್ಕೂ ಎಲ್‌ಇಡಿ ಇರುವುದನ್ನು ಕೊಳ್ಳಿ. ಕೆಂಪು ಲೆನ್ಸಿಗೆ ಕೆಂಪು ಎಲ್‌ಇಡಿಯನ್ನೇ ಹಾಕಬೇಕು. ಬಿಳಿ ಎಲ್‌ಇಡಿಯ ಬೆಳಕಲ್ಲಿ ಕೆಂಪಿನ ಪಾಲು ಕಮ್ಮಿ, ಉಳಿದದ್ದನ್ನೆಲ್ಲ ಲೆನ್ಸು ತಡೆದುಬಿಡುತ್ತದೆ. ಇನ್ನೊಂದು, ರಾತ್ರಿ ದೀಪಕ್ಕೂ ಬ್ರೇಕಿಗೂ ಬೆಳಕಿನಲ್ಲಿ ಎಷ್ಟು ಅಂತರವಿದೆ ಅನ್ನುವುದು. 1157ರಲ್ಲಿ ಅದು ಸರಿಸುಮಾರು ಹತ್ತು ಪಟ್ಟು. ಅಗ್ಗದ ಎಲ್‌ಇಡಿಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕತ್ತಲಲ್ಲಿ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ, ಬ್ರೇಕ್ ಒತ್ತಿದ್ದು ಗೊತ್ತಾಗದಿದ್ದರೆ ವಾಪಸ್ ಕೊಡಿ.

1965-66ರ ಮಸ್ಟಾಂಗ್ ಇಟ್ಟುಕೊಂಡವರಿಗೆ ಬಲ್ಬೋ ಎಲ್‌ಇಡಿಯೋ ಅನ್ನುವ ತಲೆನೋವೇ ಇಲ್ಲ. ಅದರಲ್ಲಿ ಲೆನ್ಸು ಮೂರು ಭಾಗವಾಗಿ ಕಂಡರೂ ಪಕ್ಕಕ್ಕೆ ಬಲ್ಬು ಒಂದೇ. ಓಡುವ ದೀಪ ಬೇಕೆಂದರೆ ಎಲ್‌ಇಡಿ ಬೋರ್ಡೇ ಗತಿ.

ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಮಿಣುಕದೆ ನಿಂತುಬಿಟ್ಟರೆ ಗಾಬರಿಯಾಗಬೇಡಿ. ಇಂಡಿಕೇಟರನ್ನು ಮಿಣುಕಿಸುವ ಹಳೇ ಥರ್ಮಲ್ ಫ್ಲ್ಯಾಶರ್‌ನಲ್ಲಿ ಬಲ್ಬಿನ ಕರೆಂಟಿಗೇ ಬಿಸಿಯಾಗಿ ಬಾಗುವ ಲೋಹದ ಪಟ್ಟಿ ಇರುತ್ತದೆ. ಎಲ್‌ಇಡಿ ಎಳೆಯುವ ಚೂರುಪಾರು ಕರೆಂಟಿಗೆ ಅದು ಬಿಸಿಯೇ ಆಗುವುದಿಲ್ಲ. ಇದಕ್ಕೆ ಕೆಲವರು 6 ಓಮ್, 50 ವ್ಯಾಟಿನ ರೆಸಿಸ್ಟರ್ ಕಟ್ಟುತ್ತಾರೆ. ಅದು ಒಂದು ಬಲ್ಬಿನಷ್ಟೇ 27 ವ್ಯಾಟ್ ಸುಡುತ್ತದೆ, ಮುಟ್ಟಿದರೆ ಬೊಬ್ಬೆ, ಪ್ಲಾಸ್ಟಿಕ್ಕಿಗೆ ತಾಗಿದರೆ ಕರಗುತ್ತದೆ. ಕರೆಂಟು ಉಳಿಸಲು ಎಲ್‌ಇಡಿ ಹಾಕಿ ಮತ್ತೆ ಹೀಟರ್ ಕಟ್ಟುವುದು ಯಾವ ಜಾಣತನ? ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕಿ. ಅದಕ್ಕೊಂದು ಅರ್ಥ್ ವೈರ್ ಇದ್ದರೆ ಬಿಡದೆ ಜೋಡಿಸಿ. ಬಲ್ಬನ್ನೇ ಉಳಿಸಿಕೊಂಡು ಅದಕ್ಕೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು) ಹಾಕಿಸಿದವರಿಗೂ ಇದೇ ಮಾತು. ರಿಲೇ ಕಾಯಿಲ್ ಎಳೆಯುವುದು 0.15 ಆಂಪಿನ ಆಸುಪಾಸು, ಹಳೇ ಫ್ಲ್ಯಾಶರ್‌ಗೆ ಅದು ಲೆಕ್ಕಕ್ಕೇ ಇಲ್ಲ.

ವೇಗವನ್ನೂ ನೋಡಿಕೊಳ್ಳಿ. ನಿಮಿಷಕ್ಕೆ 90 ಸಲ ಮಿಣುಕುವ ಫ್ಲ್ಯಾಶರ್ ಅರ್ಧ ಹೊತ್ತು ಆನ್ ಇದ್ದರೆ ಸಿಗುವುದು 0.33 ಸೆಕೆಂಡು. ಮೂರು ಖಾನೆಗೆ ಹಂಚಿದರೆ ತಲಾ 0.11. ಹಳೇ ಮೋಟರಿನ ಬದಲು ಖಾನೆಗಳನ್ನು ಸಾಲಾಗಿ ಹೊತ್ತಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಇದಕ್ಕಿಂತ ನಿಧಾನವಾದರೆ ಮೂರನೆಯ ಖಾನೆ ಹೊತ್ತುವ ಮೊದಲೇ ಎಲ್ಲ ಆರಿಹೋಗುತ್ತದೆ. ಫ್ಲ್ಯಾಶರ್ ನಿಧಾನ ಮಾಡಿ, ಇಲ್ಲವೇ ವೇಗ ತಿರುಗಿಸಿ ಹೊಂದಿಸಬಹುದಾದ ಮಾಡ್ಯೂಲ್ ತನ್ನಿ.

ಭಾರತದ ರಸ್ತೆಯಲ್ಲಿ ಓಡಿಸುವವರು ಗಮನಿಸಿ: ಇಲ್ಲಿನ ಮೋಟಾರು ವಾಹನ ನಿಯಮದ ಪ್ರಕಾರ ಇಂಡಿಕೇಟರ್ ಹಳದಿ-ಕಿತ್ತಳೆ ಬಣ್ಣದ್ದಿರಬೇಕು. ಕೆಂಪಿನಲ್ಲೇ ಓಡುವ ದೀಪ ಅಮೆರಿಕದ ಪದ್ಧತಿ.

ಕೊನೆಗೆ, ಮಾಡ್ಯೂಲ್ ಕೊಳ್ಳುವಾಗ ಕೇಳಲೇಬೇಕಾದದ್ದೊಂದಿದೆ. ಈ ಕಾರುಗಳಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಅದೇ ದೀಪ, ಸ್ಟೀರಿಂಗಿನ ಸ್ವಿಚ್ಚಿಂದ ಹಿಂದಕ್ಕೆ ಬರುವುದು ಪಕ್ಕಕ್ಕೊಂದೇ ವೈರು. ಆ ಒಂದು ವೈರನ್ನಷ್ಟೇ ನೋಡುವ ಮಾಡ್ಯೂಲಿಗೆ ಬ್ರೇಕ್ ಯಾವುದು, ತಿರುವು ಯಾವುದು ಗೊತ್ತಾಗುವುದಿಲ್ಲ. ಬ್ರೇಕ್ ಒತ್ತಿದರೂ ಖಾನೆಗಳನ್ನು ಒಂದೊಂದಾಗಿಯೇ ಹೊತ್ತಿಸುತ್ತದೆ, ಎಲ್‌ಇಡಿಯಿಂದ ಗಳಿಸಿದ 0.2 ಸೆಕೆಂಡು ಅಲ್ಲಿಗೆ ಮಣ್ಣುಪಾಲು. ಎಡಬಲ ಎರಡೂ ವೈರನ್ನು ಗಮನಿಸುವ ಮಾಡ್ಯೂಲ್ ಬೇಕು. ಎರಡಕ್ಕೂ ಒಟ್ಟಿಗೆ ಕರೆಂಟು ಬಂದರೆ ಅದು ಆರೂ ಖಾನೆಗಳನ್ನು ಒಮ್ಮೆಲೇ ಹೊತ್ತಿಸುತ್ತದೆ. ಜೋಡಿಸಿದ ಮೇಲೆ ಬ್ರೇಕ್ ಒತ್ತಿಹಿಡಿದು ಎಡದ ಇಂಡಿಕೇಟರ್ ಹಾಕಿ: ಎಡಗಡೆ ಓಡಬೇಕು, ಬಲಗಡೆ ಅಲುಗದೆ ನಿಲ್ಲಬೇಕು. ಬಲಕ್ಕೂ ಹಾಗೇ ಮಾಡಿ ನೋಡಿ, ಆಮೇಲೆ ಡಿಕ್ಕಿಯ ಒಳಹೊದಿಕೆಗಳನ್ನು ಮುಚ್ಚಿ.