ಇರ್ವಿನ್ ಪೋಸ್ಟ್ ಆಫೀಸಿನ ಗೋಡೆಯಲ್ಲಿ ಭದ್ರಾವತಿ

ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋಗುವ ನಮ್ಮವರು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ, ಪುಳಿಯೋಗರೆ ತಿಂದು, ಹಾಗೇ ನಯಾಗರಾ ಕಡೆ ಗಾಡಿ ತಿರುಗಿಸುತ್ತಾರೆ. ನಾವೂ ಎರಡನ್ನೂ ನೋಡಿದೆವು. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಬಿಡಿ. ನನ್ನ ಮನಸ್ಸು ನಿಂತಿದ್ದು ಅಲ್ಲಿಗೆ ಹತ್ತಿರದ ಇರ್ವಿನ್ ಎಂಬ ಪುಟ್ಟ ಊರಿನ ಪೋಸ್ಟ್ ಆಫೀಸಿನಲ್ಲಿ.

ಇದು ಹಳೆಯ ಕಲ್ಲಿದ್ದಲಿನ ಊರು. 1940ರಲ್ಲಿ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ಎಂಬ ಸುಂಕದ ಹೆದ್ದಾರಿ ತೆರೆದಾಗ ಅದರ ಪಶ್ಚಿಮದ ತುದಿ ಇದೇ ಇರ್ವಿನ್. ಈಗ ಜನ ಹಾಗೇ ದಾಟಿ ಹೋಗುತ್ತಾರೆ. ಪೋಸ್ಟ್ ಆಫೀಸಿನೊಳಗೆ ಗೋಡೆಯ ಮೇಲೆ ಒಂದು ಮರದ ಉಬ್ಬುಶಿಲ್ಪವಿದೆ. ಹೆಸರು 'ಪಡ್ಲರ್ಸ್'. ಕೆತ್ತಿದವರು ಹೈಮ್ ಗ್ರಾಸ್, 1942ರಲ್ಲಿ. 1921ರಲ್ಲಿ ಯುರೋಪಿನಿಂದ ನ್ಯೂಯಾರ್ಕ್‌ಗೆ ವಲಸೆ ಬಂದವರು. ಮಣ್ಣಿನಲ್ಲಿ ಮಾದರಿ ಮಾಡಿ ಅಚ್ಚು ತೆಗೆಯುವುದಕ್ಕಿಂತ ನೇರವಾಗಿ ಮರಕ್ಕೇ ಉಳಿ ಹಾಕುವುದು ಅವರ ದಾರಿ.

ಪಡ್ಲಿಂಗ್ ಅಂದರೆ ಹಳೇ ಕಾಲದಲ್ಲಿ ಕಬ್ಬಿಣ ಹದ ಮಾಡುವ ಕೆಲಸ. ಕುಲುಮೆಯಲ್ಲಿ ಕರಗಿದ ಬೀಡುಕಬ್ಬಿಣವನ್ನು ಉದ್ದನೆಯ ಸಲಾಕೆಯಿಂದ ಕದಡುತ್ತಲೇ ಇರಬೇಕು. ಇಂಗಾಲ ಸುಟ್ಟು ಹೋದ ಹಾಗೆ ಕಬ್ಬಿಣ ಗಟ್ಟಿಯಾಗುತ್ತಾ ಬರುತ್ತದೆ. ಹದ ಬಂತೋ ಇಲ್ಲವೋ ಅಂತ ಕಣ್ಣಲ್ಲೇ ಹೇಳಬೇಕು.

ಇದನ್ನು ಮಾವನವರಿಗೆ ವಿವರಿಸಲು ಹೊರಟೆ. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಾನು ಮುಗಿಸುವಷ್ಟರಲ್ಲಿ, "ಮುದ್ದೆ ತಿರುವಿದ ಹಾಗೆ ಅನ್ನಮ್ಮ, ಸಾಕು" ಅಂದರು. ಆಮೇಲೆ ಗೋಡೆಯ ಮುಂದಿನಿಂದ ಕದಲಲೇ ಇಲ್ಲ.

"ಈ ತೋಳು ನೋಡು. ಜೋರು ತೋಳಿಂದ ಬರಲ್ಲ ಕಣಮ್ಮ, ಸೊಂಟದಿಂದ ಬರುತ್ತೆ. ಕೆತ್ತಿದವನು ಕುಲುಮೆ ಹತ್ರ ನಿಂತು ನೋಡಿರ್ಬೇಕು."

"ನಿಮಗೆ ಬಿಸಿ ಅಭ್ಯಾಸ ಆಗಿಬಿಟ್ಟಿತ್ತಾ, ಮಾವ?"

"ಬಿಸಿ ತಡ್ಕೋಬಹುದು. ಎದೆ ಸುಡ್ತಿರುತ್ತೆ, ಬೆನ್ನಲ್ಲಿ ಬೆವರು ಆರಿ ಚಳಿ ಹತ್ತುತ್ತೆ. ಅದೇ ಕಷ್ಟ."

ನನ್ನ ಮದುವೆಯಾದ ಮೇಲೆ ಅವರು ಕಾರ್ಖಾನೆಯ ಬಗ್ಗೆ ಇಷ್ಟು ಮಾತಾಡಿದ್ದು ಇದೇ ಮೊದಲು. ಕೇಳುತ್ತಾ ಕೇಳುತ್ತಾ ನನ್ನ ಕಣ್ಣು ತುಂಬಿತು.

ಈ ಶಿಲ್ಪ ಸರ್ಕಾರಿ ದುಡ್ಡಿನಲ್ಲಿ ಆದ ಕೆಲಸ. ಆರ್ಥಿಕ ಕುಸಿತದ ಕಾಲದಲ್ಲಿ, 1934ರಿಂದ 1943ರವರೆಗೆ, ಅಮೆರಿಕದ ಖಜಾನೆ ಇಲಾಖೆಯಲ್ಲಿ ಕಲೆಗೇ ಒಂದು ವಿಭಾಗವಿತ್ತು. ಹೊಸ ಕಟ್ಟಡದ ಖರ್ಚಿನಲ್ಲಿ ಸುಮಾರು 1% ಚಿತ್ರಕ್ಕೋ ಶಿಲ್ಪಕ್ಕೋ ಎತ್ತಿಡುತ್ತಿದ್ದರು. ಕಲಾವಿದರನ್ನು ಆರಿಸಲು ಹೆಸರು ಮರೆಮಾಡಿದ ಸ್ಪರ್ಧೆಗಳನ್ನು ನಡೆಸುತ್ತಿದ್ದರು. ನೂರಾರು ಸಣ್ಣ ಊರುಗಳ ಪೋಸ್ಟ್ ಆಫೀಸುಗಳಿಗೆ ಹೀಗೆ ಕಲಾಕೃತಿಗಳು ಬಂದವು. ಜಾಸ್ತಿ ಇರುವುದು ಭಿತ್ತಿಚಿತ್ರ. ನನಗಂತೂ ಉಬ್ಬುಶಿಲ್ಪವೇ ಇಷ್ಟ. ನಾವು ಎರಡು ಹೆಜ್ಜೆ ಸರಿದರೆ ಅದರ ನೆರಳೂ ಸರಿಯುತ್ತದೆ, ಉಳಿಯ ಗುರುತು ಕಾಣುತ್ತದೆ. ಚಿತ್ರದಲ್ಲಿ ಅದೆಲ್ಲಿ ಬರಬೇಕು?

ಒಂದು ಮಾತು ಹೇಳಲೇಬೇಕು, ಇನ್ನೂ ಹೊಟ್ಟೆ ಉರಿಯುತ್ತಿದೆ. ಇನ್ನೊಂದು ಊರಿನ ಪೋಸ್ಟ್ ಆಫೀಸಿನ ಶಿಲ್ಪ ನೋಡಲು ಶನಿವಾರ ಹೋದೆವು. ಬಾಗಿಲ ಮೇಲೆ 12 ಗಂಟೆವರೆಗೆ ಅಂತ ಬರೆದಿತ್ತು. 11:30ಕ್ಕೇ ಬೀಗ! ಗಾಜಿಗೆ ಮುಖ ಒತ್ತಿದರೂ ಏನೂ ಕಾಣಲಿಲ್ಲ. ನೀವು ಹೋಗುವುದಾದರೆ ವಾರದ ದಿನ ಬೆಳಿಗ್ಗೆಯೇ ಹೋಗಿ, ಹೊರಡುವ ಮುಂಚೆ ಫೋನ್ ಮಾಡಿ, ಶಿಲ್ಪ ಇನ್ನೂ ಅಲ್ಲೇ ಇದೆಯಾ ಅಂತಲೂ ಕೇಳಿ. ಎಷ್ಟೋ ಕಡೆ ಪೋಸ್ಟ್ ಆಫೀಸು ಬೇರೆ ಕಟ್ಟಡಕ್ಕೆ ಹೋಗಿರುತ್ತದೆ.